ಒಂದು ಮನೆ, ಎರಡು ಗುಡಿಸಲು

ಮಲಗುವ ಹೊರಸನ್ನು ತಲೆಯ ಮೇಲೆ ಹೊತ್ತು ಗಾಳೆಪ್ಪ ನೆರೆಮನೆಯ ಗದ್ದೆಮ್ಮನ ಗುಡಿಸಲಿಗೆ ನುಗ್ಗಿದಾಗ ಅದರ ಕಾಲೊಂದು ಬಾಗಿಲ ತಡಿಕೆಗೆ ಸಿಕ್ಕಿಬಿತ್ತು. ಬಿಡಿಸಿ ಇಳಿಸಿದ. ಆಮೇಲೆ ರೇಡಿಯೊ ತಂದ. ರೇಡಿಯೊ ಬಾಯಿ ಮುಚ್ಚಿಕೊಂಡು ಬಂತು. ಗಾಳೆಪ್ಪನಿಗೆ ಆ ಅಭ್ಯಾಸವಿರಲಿಲ್ಲ. ತನ್ನ ಸೂರಿಗೆ ಗೆದ್ದಲು ಹತ್ತಿದೆ, ಹೊಸ ಜಂತಿ ಹಾಕುವವರೆಗೆ ಸಾಮಾನು ಇಲ್ಲಿರಲಿ ಎಂದು ಒಂದೇ ಉಸಿರಿಗೆ ಒದರಿದ.

ಗೆದ್ದಲು ಬಂದಿರಲಿಲ್ಲ. ಬರುವವರಿದ್ದದ್ದು ಟ್ರಸ್ಟಿನ ಯಂಕೋಬ ಸರ್, ಮರುದಿನ ಬೆಳಿಗ್ಗೆ, ಲಿಂಗಸುಗೂರಿನಿಂದ.

ಮಸ್ಕಿಯಲ್ಲಿ ಬಡವರ ಜೊತೆ ಸೇರಿ ಮನೆ ಕಟ್ಟಿದ್ದ ಟ್ರಸ್ಟಿನವರು ಎಂಬತ್ತೊಂಬತ್ತರಲ್ಲಿ ಸಿಂಧನೂರಿಗೂ ಬಂದಿದ್ದರು. ಈ ಓಣಿಗೆ ಒಂದೇ ಮನೆ. ಕೇಳಿದವರು ಇಬ್ಬರು. ಗಾಳೆಪ್ಪ ಅಕ್ಕಿ ಗಿರಣಿಯ ಹಮಾಲ. ಹಿಂದಿನ ತಿಂಗಳು ಅವನ ಗುಡಿಸಲಿಗೆ ನಾಗರಹಾವು ಬಂದು ಮೊಮ್ಮಗಳ ತೊಟ್ಟಿಲ ಕೆಳಗೆ ಸುರುಳಿ ಸುತ್ತಿ ಮಲಗಿತ್ತು. ಅಂದಿನಿಂದ ಸೊಸೆ ಕೂತೇ ನಿದ್ದೆ ಮಾಡುತ್ತಿದ್ದಳು. ಗದ್ದೆಮ್ಮ ಗಂಡ ಸತ್ತ ಒಂಟಿ ಹೆಂಗಸು. ಮಸ್ಕಿಯ ಆ ಮನೆಗಳಿಗೆ ಗಾರೆ ಹೊತ್ತು ಬಂದವಳು. ಅವಳ ಗುಡಿಸಲಿನಲ್ಲಿದ್ದದ್ದು ಮಡಕೆ ಮತ್ತು ಚಾಪೆ. ಆ ಬಡತನದ ಮುಂದೆ ಗಾಳೆಪ್ಪನ ಬಡತನವೇ ಬಡವಾಗಿತ್ತು.

ಸರ್ಕಾರದವರು ಜನತಾ ಮನೆ ಹಂಚಿದಾಗಲೇ ಅವನು ಪಾಠ ಕಲಿತಿದ್ದ. ಅಂದು ಬಂದ ಸರ್ವೇ ಸಾಹೇಬನನ್ನು ಮೂಗಿನಲ್ಲಿ ಮಾತಾಡಿ ಓಣಿಗೆಲ್ಲ ಅಣಕಿಸಿ ತೋರಿಸುತ್ತಿದ್ದ: "ರೇಡಿಯೊ ಐತಿ? ನೀ ಬಡವ ಹೆಂಗಾಗ್ತೀಲೇ? ನಡಿ ಅತ್ಲಾಗ."

ಗದ್ದೆಮ್ಮ ಹೊರಸನ್ನು ಸವರಿ ನೋಡಿದಳು.

"ಸೈಕಲ್ಲಿಗೆ ಗೆದ್ದಲ ಹತ್ತಂಗಿಲ್ಲೇನಣ್ಣ?"

ಪೆದ್ದಿ, ಅಂದುಕೊಂಡ ಗಾಳೆಪ್ಪ. ಸೈಕಲ್ಲನ್ನೂ ತಂದು ನಿಲ್ಲಿಸಿದ.

ಬೆಳಿಗ್ಗೆ ಯಂಕೋಬ ಸರ್ ಬಂದರು. ಗಾಳೆಪ್ಪನ ಖಾಲಿ ಗುಡಿಸಲು ನೋಡಿ ಲೊಚಗುಟ್ಟಿದರು. ಸಾಮಾನೇನೂ ಇಲ್ಲವೇ ಎಂದು ಕೇಳಿದರು. ಅಜ್ಜನ ಕಾಲದಿಂದಲೂ ಇಲ್ಲವೆಂದು ಗಾಳೆಪ್ಪ ತೊಟ್ಟಿಲು ಮುಟ್ಟಿ ಆಣೆ ಮಾಡಿದ.

ಗದ್ದೆಮ್ಮನ ಗುಡಿಸಲಿನಲ್ಲಿ ಸರ್ ಹೊರಸಿನ ಮೇಲೆ ಕೂತರು. ರೇಡಿಯೊದ ಕಿವಿ ತಿರುವಿದರು. ಸೈಕಲ್ ಗಂಟೆ ಬಾರಿಸಿದರು. ಇದೆಲ್ಲ ನಿನ್ನದೇನವ್ವಾ ಎಂದರು. ಗದ್ದೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಗಾಳೆಪ್ಪನಿಗೆ ತಡೆಯಲಾಗಲಿಲ್ಲ.

"ಎಲ್ಲಾ ಆಕಿದ ರೀ ಸರ್. ಸ್ವಂತ ದುಡದು ತಂದಾಳ. ಬೇಕಂದ್ರ ನಾನ ಸಾಕ್ಷಿ."

ಸರ್ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮನೆ ಗದ್ದೆಮ್ಮನಿಗೆ ಎಂದರು.

"ಸರ್, ನನ್ನ ಗುಡಸಲಾಗ ಏನಂದ್ರ ಏನೂ ಇಲ್ರೀ." ಗಾಳೆಪ್ಪನ ದನಿ ಈಗ ಯಾರದೋ ಅಣಕದಂತಿತ್ತು.

"ಅದಕ್ಕ ನಿಮಗ ಕೊಡಾಕ ಬರಂಗಿಲ್ಲ ಗಾಳೆಪ್ಪ," ಸರ್ ನಿಜವಾಗಿಯೂ ನೊಂದುಕೊಂಡರು. "ಇದು ಸರ್ಕಾರದ್ದಲ್ಲ, ತಿಂಗಳಾ ಕಂತು ಕಟ್ಟೋ ತಾಕತ್ತಿದ್ದವರಿಗಷ್ಟ ಮನಿ, ಮಸ್ಕ್ಯಾಗ ಮನಿ ಕಟ್ಟೋ ಕೆಲಸಕ್ಕ ಬಂದವರಿಗೆಲ್ಲಾ ಮೊದಲನೇ ದಿನಾನ ಹೇಳೀವಿ."