ಸ್ಟಿಕ್ಕರಿನ ಅಡಿಯ ಸಾಲು

ಟೈಲರಮ್ಮ ಅಂಗಡಿಯಲ್ಲಿ ನಿಂತು ಚಾಕೊಲೇಟಿನ ಮೇಲಿದ್ದ ಬೆಲೆಯ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕಿತ್ತಳು. ಅಡಿಯಲ್ಲಿ ಇರುವೆಯಂಥ ಅಕ್ಷರಗಳು: ‘ಕಡಲೆಬೀಜದ ಅಂಶ ಇರಬಹುದು.’ ಕಡಲೆಬೀಜ ಆಗಿಬರದ ಅವಳ ಮಗಳು ನಿನ್ನೆ ಇದೇ ಚಾಕೊಲೇಟು ತಿಂದು, ಗಂಟಲು ಊದಿಕೊಂಡು ಆಸ್ಪತ್ರೆ ಸೇರಿದ್ದಳು. ಟೈಲರಮ್ಮ ಇನ್ನೊಂದನ್ನು ಎತ್ತಿಕೊಂಡು ಕೆರೆದಳು. ಅದೇ ಜಾಗ. ಮೂರನೆಯದರಲ್ಲೂ ಅದೇ ಜಾಗ.

“ಬೆಲೆ ಎಲ್ಲಾದ್ರೂ ಅಂಟಿಸಬೇಕಲ್ಲಮ್ಮಾ,” ಅಂದ ಅಂಗಡಿಯವ.

“ಇಷ್ಟಗಲ ಜಾಗ ಖಾಲಿ ಬಿದ್ದಿದೆ, ನಿನಗೆ ಈ ಸಾಲೇ ಬೇಕಿತ್ತಾ? ಏಳು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಒಂದೊಂದು ಕವರೂ ಓದಿ ಮಗಳಿಗೆ ಕೊಡ್ತಿದ್ದೀನಿ. ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲೋ!”

ಅವಳ ಹಿಂದೆ ಅದೇ ಚಾಕೊಲೇಟು ಹಿಡಿದು ನಿಂತಿದ್ದ ಮುದುಕನೊಬ್ಬ ಗಡಿಯಾರ ನೋಡಿಕೊಂಡ. “ಬಿಡಮ್ಮಾ, ಇಷ್ಟಕ್ಕೆಲ್ಲ ರಂಪ ಯಾಕೆ? ಮನೇಲಿ ಮೊಮ್ಮಗಳು ಕಾಯ್ತಿದಾಳೆ.”

ತನ್ನ ಪರವಾಗಿ ಒಬ್ಬರು ಮಾತಾಡಿದ್ದೇ ತಡ, ಅಂಗಡಿಯವನಿಗೆ ಕೊಂಬು ಬಂತು. “ನೋಡಿ ಸಾರ್! ಆ ಸಾಲು ಕಂಡ್ರೆ ಸಾಕು, ಜನ ವಾಪಸ್ ಇಟ್ಟು ಹೋಗ್ತಾರೆ. ನಾವು ವ್ಯಾಪಾರ ಮಾಡೋದು ಬೇಡ್ವಾ?” ಅಂದವನು, ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಿತ್ತ ಮೂರು ಸ್ಟಿಕ್ಕರುಗಳನ್ನು ಅವನ ಮುಂದಿನ ಗಾಜಿನ ಮೇಲೆ ಒಂದೊಂದಾಗಿ ಬಡಿದು ಅಂಟಿಸಿದಳು. ಆಗ ಅವಳ ಬೆನ್ನ ಹಿಂದೆ ಕರಕರ ಸದ್ದು ಕೇಳಿತು. ಕನ್ನಡಕ ಹಣೆಗೇರಿಸಿಕೊಂಡ ಆ ಮುದುಕ, ಉಗುರಿನಿಂದ ತನ್ನ ಕೈಯಲ್ಲಿದ್ದ ಚಾಕೊಲೇಟಿನ ಸ್ಟಿಕ್ಕರು ಕೆರೆಯುತ್ತಿದ್ದ.