ಅಂಗಿ ಕೊಡವಿದವಳು

ಟ್ರೇಸಿ ಕೆಲಸದ ಅಂಗಿಯನ್ನು ಮನೆಗೊಯ್ಯಲು ಚೀಲಕ್ಕೆ ತುರುಕಿದ್ದೇ ತಡ, ಮೇಷ್ಟ್ರು ವೆಂಡೆಲ್ ಅದನ್ನು ಹೊರಗೆಳೆದರು. ಅಮೆರಿಕದ ಟೊಲೀಡೊದಲ್ಲಿ ಕಾರ್ಮಿಕರ ಯೂನಿಯನ್ ನಡೆಸುವ ತರಬೇತಿ ಶಾಲೆಯಲ್ಲಿ ಉಗಿಕೊಳವೆಗೆ ಶಾಖ ತಡೆಯುವ ಗಾಜಿನ ಉಣ್ಣೆ ಸುತ್ತುವುದನ್ನು ಕಲಿಸುವ ಅವರು ಸೊಟ್ಟ ಸುತ್ತಿದವರನ್ನೂ ಕ್ಷಮಿಸುತ್ತಿದ್ದರು, ಇದನ್ನಲ್ಲ.

"ಇದು ನಿಮ್ಮ ಕಾಲದ ಕಲ್ನಾರು, ಆಸ್ಬೆಸ್ಟಾಸ್ ಅಲ್ಲ ಮೇಷ್ಟ್ರೇ, ಬರೀ ಗಾಜು. ನಮ್ಮಮ್ಮ ಒಗೀತಾಳೆ ಬಿಡಿ."

"ನಮಗೂ ಬರೀ ಕಲ್ಲು ಅಂತಲೇ ಹೇಳಿದ್ರು ಕಣಮ್ಮ."

"ಆದ್ರೂ ಗುಂಡುಕಲ್ಲಿನ ಹಾಗಿದ್ದೀರಲ್ಲ." ಹಿಂದಿನ ಬೆಂಚು ನಕ್ಕಿತು.

"ನಾನಿದ್ದೀನಿ. ಒಗೀತಿದ್ದೋಳು ನನ್ನ ಹೆಂಡ್ತಿ ರೂತ್. ಹಿತ್ತಲ ಬಾಗಿಲಲ್ಲಿ ನಿಂತು ಮೊದ್ಲು ಧೂಳೆಲ್ಲ ಹೀಗೆ ಕೊಡವೋಳು," ಎಂದು ಅಂಗಿಯ ಹೆಗಲು ಹಿಡಿದೆತ್ತಿದರು. ಎತ್ತಿದ ಕೈ ಕೆಳಗಿಳಿಯಲಿಲ್ಲ. "ಕೆಮ್ಮಿ ಕೆಮ್ಮಿ ಹೋದ್ಲು."

ಟ್ರೇಸಿ ಉಸಿರು ಬಿಗಿಹಿಡಿದು, ಒಂದು ಮಡಿಕೆಯೂ ಅಲುಗದಂತೆ ಅಂಗಿಯನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡು ಶಾಲೆಯಲ್ಲೇ ಒಗೆಯುವ ಬಟ್ಟೆಗೆಂದು ಮೂಲೆಯಲ್ಲಿಟ್ಟಿದ್ದ ಮುಚ್ಚಳದ ಡಬ್ಬಕ್ಕೆ ಹಾಕಿದಳು.