ಡೊಂಕ್ಯಾನ ಊಟ

ಸೋನಾಬಾಯಿ ಇಕ್ಕಳದಲ್ಲಿ ಹಿಡಿದು ತಂದದ್ದು ಕೋಳಿಮೊಟ್ಟೆಯ ಅರ್ಧ ಸಿಪ್ಪೆ. ಹಿತ್ತಲಿನ ಬೂದಿಗುಂಡಿಯಲ್ಲಿ ಸಿಕ್ಕಿತ್ತು. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಜೈನರ ಮನೆ ಅದು. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಉಳಿದದ್ದು ಸೋನಾಬಾಯಿ, ಮಗ ಶಾಂತಿನಾಥ, ಇಬ್ಬರೇ.

“ಇದೇನೋ?”

ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಶಾಂತಿನಾಥ ಆಗಷ್ಟೇ ಸೈಕಲ್ ನಿಲ್ಲಿಸಿ ಒಳಗೆ ಕಾಲಿಟ್ಟಿದ್ದ. ಸಿಪ್ಪೆ ನೋಡಿದ, ತಾಯಿಯ ಮುಖ ನೋಡಿದ, ಒಲೆಯ ಪಕ್ಕದ ಬುಟ್ಟಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ.

“ನಾನಽ ತಿಂದೇನವ್ವಾ,” ಎಂದ.

ಆ ಬುಟ್ಟಿಯಲ್ಲಿದ್ದದ್ದು ಡೊಂಕ್ಯಾ, ಒಂದು ಕೇರೆಹಾವಿನ ಮರಿ. ಸಾಂಗ್ಲಿವಾಡಿಯ ಹೊಲದಲ್ಲಿ ಕಬ್ಬು ಕಡಿಯುವವರ ಕುಡಗೋಲಿಗೆ ಸಿಗಲಿದ್ದದ್ದನ್ನು ಸೋನಾಬಾಯಿಯೇ ಅಡ್ಡ ನಿಂತು ಉಳಿಸಿ, ಸೆರಗಿನಲ್ಲಿ ಹಾಕಿಕೊಂಡು ತಂದಿದ್ದಳು. ಹುಟ್ಟುತ್ತಲೇ ಅದರ ಬೆನ್ನೆಲುಬು ಎರಡು ಕಡೆ ಸೊಟ್ಟಗಾಗಿತ್ತು. ಮುಂದಿನ ಅರ್ಧ ಬಾಗಿಲ ಕಡೆ ಹೊರಟರೆ ಹಿಂದಿನ ಅರ್ಧ ಗೋಡೆಯ ಕಡೆ ಹೊರಡುತ್ತಿತ್ತು. ಎರಡಕ್ಕೂ ಒಮ್ಮತವಾಗದೆ ಕೊನೆಗೆ ಅಲ್ಲೇ ಸುತ್ತಿಕೊಂಡು ಮಲಗುತ್ತಿತ್ತು. ಸೋನಾಬಾಯಿ ದಿನಾ ಅದರ ಮುಂದೆ ಒಂದು ಬಟ್ಟಲು ಹಾಲಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಟ್ಟಲು ಖಾಲಿ. “ಎಷ್ಟ ಶಾಣ್ಯಾ ಐತಿ ನೋಡ್ರಿ, ಒಂದ ಹನಿ ಚೆಲ್ಲೂದಿಲ್ಲ,” ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕುಡಿಯುತ್ತಿದ್ದದ್ದು ಬೆಕ್ಕು ಎಂಬುದು ಶಾಂತಿನಾಥನಿಗೆ ಮಾತ್ರ ಗೊತ್ತಿತ್ತು.

ಡೊಂಕ್ಯಾ ಒಣಗಿ ಲಾಡಿಯಂತಾದಾಗ ಅವನು ತಾಯಿಗೆ ಹೇಳದೆ ಅದನ್ನು ಮಿರಜಿಗೆ ಒಯ್ದಿದ್ದ. ತೊಡೆಯ ಮೇಲಿನ ಬುಟ್ಟಿ ನೋಡಿ ಕಂಡಕ್ಟರ್ “ಟೋಪಲೀತ ಕಾಯ ಆಹೇ?” ಎಂದು ಮರಾಠಿಯಲ್ಲಿ ಒಳಗೇನಿದೆ ಅಂತ ಕೇಳಿದಾಗ “ಪೇಷಂಟ” ಎಂದಿದ್ದ. ಆಸ್ಪತ್ರೆಗಳ ಊರಿಗೆ ಹೋಗುವ ಬಸ್ಸು. ಕಂಡಕ್ಟರ್ ಮರುಮಾತಿಲ್ಲದೆ ಮುಂದೆ ಹೋಗಿದ್ದ. ಹಾಲಿನ ಸಂಘದ ದನದ ಡಾಕ್ಟರು ಗುರುನಾಥ, “ನನಗ ಎಮ್ಮಿ ಗೊತ್ತು. ಇದಕ್ಕ ಕಾಲಽ ಇಲ್ಲಲ್ರಿ!” ಎಂದು ನಕ್ಕು, ಆದರೂ ಬೆರಳಿನಿಂದ ಬೆನ್ನುದ್ದಕ್ಕೂ ಮುಟ್ಟಿ ನೋಡಿದರು.

“ಹಾವು ಹಾಲ ಕುಡ್ಯೂದಿಲ್ರಿ. ಕಪ್ಪಿ ನುಂಗಿದ್ರ ಈ ಡೊಂಕಿನ್ಯಾಗ ಸಿಕ್ಕಿಬೀಳತೈತಿ. ಹಸೀ ತತ್ತಿ ಕಲಸಿ, ಸೈಕಲ್ಲಿನ ಸಣ್ಣ ವಾಲ್‌ಟ್ಯೂಬಿನ್ಯಾಗಿಂದ ಗಂಟಲಕ್ಕ ಬಿಡ್ರಿ. ಡೊಂಕು ದಾಟೂತನಕ ಹೊಟ್ಟಿ ಮೆಲ್ಲಕ ಸವರ್ರಿ.”

ಅಂದಿನಿಂದ ತಾಯಿ ಬಸದಿಗೆ ಹೋದ ಹೊತ್ತು ನೋಡಿ ಅವನು ಹಿತ್ತಲಲ್ಲಿ ಮೊಟ್ಟೆ ಕಲಸಿ ಅದಕ್ಕೆ ಕುಡಿಸುತ್ತಿದ್ದ. ಡೊಂಕ್ಯಾನ ಮೈಗೆ ಹೊಳಪು ಬಂದಿತ್ತು. ಈಗ ಸಿಪ್ಪೆ ಸಿಕ್ಕಿಬಿದ್ದಿತ್ತು.

“ಇನ್ನ ಒಳಗ ಕಾಲಿಡಬ್ಯಾಡ,” ಎಂದಳು ಸೋನಾಬಾಯಿ. ಮಗನ ರೊಟ್ಟಿ ಹೊರಗಿನ ಕಟ್ಟೆಗೆ, ಎಲೆಯ ಮೇಲೆ ಬರತೊಡಗಿತು. ಶಾಂತಿನಾಥ ತಲೆ ತಗ್ಗಿಸಿ ಉಂಡ. ಆದರೆ ಒಲೆಯ ಹತ್ತಿರ ಹೋಗುವಂತಿಲ್ಲ ಎಂದರೆ ಡೊಂಕ್ಯಾನ ಹತ್ತಿರವೂ ಹೋಗುವಂತಿಲ್ಲ. ತಾಯಿಯ ಸಿಟ್ಟು ಒಂದೆರಡು ದಿನದ್ದು ಎಂದುಕೊಂಡಿದ್ದ. ವಾರ ಕಳೆದರೂ ಇಳಿಯಲಿಲ್ಲ.

ಒಂದು ಸಂಜೆ ಅವಳೇ ಬುಟ್ಟಿ ಹಿಡಿದು ಹೊರಗೆ ಬಂದಳು. ಕಣ್ಣುಗಳು ಕೆಂಪಾಗಿದ್ದವು.

“ನಾಲಗಿ ಸೈತ ಹೊರಗ ಹಾಕವಲ್ತೋ. ಹಾಲ ಖಾಲಿ ಮಾಡತೈತಿ, ಆದ್ರೂ ಸೊರಗಾಕತ್ತೈತಿ. ನೀ ತಿಂದ ಪಾಪ ಈ ಮೂಕ ಜೀವಕ್ಕ ಹತ್ತೇತಿ.”

ಶಾಂತಿನಾಥ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. “ಅವ್ವಾ, ತತ್ತಿ ನಾ ತಿಂದಿಲ್ಲ. ಅದಕ್ಕಽ ಕುಡಿಸೇನಿ,” ಎಂದು ಎಲ್ಲವನ್ನೂ ಹೇಳಿಬಿಟ್ಟ.

“ನೀ ತಿಂದಿಲ್ಲ?”

“ಇಲ್ಲ.”

“ಬಸದಿ ಕಡೆ ಮುಖ ಮಾಡಿ ಹೇಳ.”

ಅವನು ತಿರುಗಿ ನಿಂತು ಹೇಳಿದ. ಸೋನಾಬಾಯಿ ಉಸಿರು ಬಿಟ್ಟು ಕಟ್ಟೆಯ ಮೇಲೆ ಕುಳಿತಳು. ಆಮೇಲೆ ಇನ್ನೊಂದು ನೆನಪಾಯಿತು.

“ಮತ್ತ ಹಾಲು?”

“ಬೆಕ್ಕು.”

ಗೋಡೆಯ ಮೇಲೆ ದಪ್ಪಗೆ ಮಲಗಿದ್ದ ಬೆಕ್ಕನ್ನು ಅವಳು ಬಹಳ ಹೊತ್ತು ನೋಡಿದಳು. “ಓಣಿ ತುಂಬ ಹೇಳ್ಕೋತ ತಿರಗೇನಲ್ಲೋ! ಮೊದಲ ನಿಜ ಹೇಳಾಕ ನಿನಗೇನಾಗಿತ್ತು?”

“ತತ್ತಿ ತಿಂದ ಮಗನ್ನ ಕಟ್ಟಿಗಷ್ಟಽ ಹಾಕ್ತಿ. ಹಾವನ್ನಾದ್ರ ಹೊಲಕ್ಕ ಬಿಟ್ಟುಬಿಡ್ತಿ ಅಂತ ಹೆದರಿದೆ. ಅವ್ವಾ, ಅದು ಕೋಳಿ ಸೊಸೈಟಿ ತತ್ತಿ. ಅಲ್ಲಿ ಹುಂಜ ಇಲ್ಲ. ಒಳಗ ಜೀವ ಇರೂದಿಲ್ಲಂತ.”

“ಊರಾಗಿನವರನ್ನೆಲ್ಲಾ ಮೆಂಬರ್ ಮಾಡ್ಕೋತಾರ, ಹುಂಜನ್ನ ಯಾಕ ಮಾಡ್ಕೊಂಡಿಲ್ಲ?”

ಸೋನಾಬಾಯಿ ಬುಟ್ಟಿಯೊಳಗೆ ಇಣುಕಿದಳು. ಡೊಂಕ್ಯಾ ಅಲುಗಲಿಲ್ಲ. ಅವಳು ಬೆರಳಿನಿಂದ ಅದರ ಬೆನ್ನು ಮುಟ್ಟಿದಳು, ಕೊನೆಗೆ ಮುಖ ಆಚೆ ತಿರುಗಿಸಿ, “ಎಲ್ಲೈತಿ ಆ ದರಿದ್ರ ತತ್ತಿ? ತಗೊಂಡ ಬಾ,” ಎಂದಳು.

ಅವನು ಓಡಿಹೋಗಿ ತಂದ. ಕಲಸುವ ಸದ್ದು ಕೇಳಿಸದಿರಲೆಂದು ಸೋನಾಬಾಯಿ ದೊಡ್ಡ ದನಿಯಲ್ಲಿ ಮಂತ್ರ ಹೇಳತೊಡಗಿದಳು. ಕಣ್ಣು ಮುಚ್ಚಿಯೇ ಇದ್ದಳು, ಆದರೆ ಡೊಂಕ್ಯಾನ ಕುತ್ತಿಗೆಯನ್ನು ತಾನೇ ಹಿಡಿದುಕೊಂಡಳು. ಶಾಂತಿನಾಥ ವಾಲ್‌ಟ್ಯೂಬನ್ನು ಅದರ ಗಂಟಲಿಗೆ ಬಿಟ್ಟು, ಹನಿ ಹನಿ ಇಳಿಸಿ, ಹೊಟ್ಟೆ ಸವರತೊಡಗಿದ. ಸ್ವಲ್ಪ ಹೊತ್ತಿಗೆ ಸಣ್ಣ ನಾಲಗೆಯೊಂದು ಹೊರಗೆ ಬಂದು ಅವಳ ಹೆಬ್ಬೆರಳಿಗೆ ತಾಗಿತು. ಅವಳು ಕಣ್ಣು ತೆರೆದಳು.

“ದಾಟಿತೇನೋ?”

“ಒಂದ ಡೊಂಕು ದಾಟೇತಿ. ಇನ್ನೊಂದೈತಿ.”

ಸೋನಾಬಾಯಿ ಹೊಳೆಯ ಆಚೆ ಕೆಂಪಾಗುತ್ತಿದ್ದ ಸೂರ್ಯನನ್ನು ನೋಡಿ ಗಡಬಡಿಸಿದಳು.

“ಲಗೂನ ಸವರೋ. ಹೊತ್ತ ಮುಳಗಾಕ ಬಂತು. ನಮ್ಮ ಮನ್ಯಾಗ ರಾತ್ರಿ ಯಾರೂ ಉಣ್ಣೂದಿಲ್ಲ.”